ಮೆತ್ತಗೆ ಇಳಿಯುವ ವಿದ್ಯೆ

ಬಸ್ಸು ಹತ್ತುವುದರ ಬಗ್ಗೆ ನಮ್ಮ ಜನಕ್ಕಿರುವ ಆಸಕ್ತಿಯ ಕಾಲುಭಾಗವೂ ಇಳಿಯುವುದರ ಬಗ್ಗೆ ಇಲ್ಲ. ಹತ್ತುವುದಕ್ಕೆ ಕಿಟಕಿಯಿಂದ ಟವೆಲ್ ಎಸೆಯುವ ಕೌಶಲವಿದೆ, ಮೊಳಕೈಯ ಪ್ರಯೋಗವಿದೆ, ಹತ್ತಿ ಕುಳಿತ ಮೇಲೆ ನಿಂತವರನ್ನು ನೋಡುವ ಒಂದು ವಿಶೇಷ ದೃಷ್ಟಿಯೂ ಇದೆ. ಇಳಿಯುವವನನ್ನು ಯಾರೂ ನೋಡುವುದಿಲ್ಲ. ಅವನು ಬಿದ್ದರೆ ಮಾತ್ರ ನೋಡುತ್ತಾರೆ. ನನ್ನನ್ನು ಬಹಳ ಜನ ನೋಡಿದ್ದಾರೆ.

ಲಿಂಗಸುಗೂರಿನಲ್ಲಿ ಮನೆ ಮಾಡಿಕೊಂಡು ಮಸ್ಕಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ನಾನು, ನಿತ್ಯವೂ ಬಸ್ ನಿಲ್ದಾಣಕ್ಕೆ ಸ್ವಲ್ಪ ಮೊದಲೇ ಇಳಿಯಬೇಕಾದವನು. ಅಲ್ಲಿ ಬಸ್ಸು ನಿಂತಂತೆ ಮಾಡುತ್ತದೆ, ನಿಲ್ಲುವುದಿಲ್ಲ. ಕಳೆ ತೆಗೆಯಲು ಹೋಗುವ ಹೆಂಗಸರು ತಲೆಯ ಮೇಲಿನ ಬುತ್ತಿಗಂಟು ಅಲುಗದ ಹಾಗೆ ಕಾಲು ಕೆಳಗಿಟ್ಟು, ಬಸ್ಸಿನ ಜೊತೆಗೇ ಎರಡು ಹೆಜ್ಜೆ ಓಡಿ, ಆ ಓಟವನ್ನು ಯಾರಿಗೂ ತಿಳಿಯದಂತೆ ನಡಿಗೆಯಾಗಿ ಮಾಡಿಕೊಂಡು ಹೋಗಿಬಿಡುತ್ತಾರೆ. ಸ್ನಾತಕೋತ್ತರ ಪದವೀಧರನಾದ ನಾನು ಮಾತ್ರ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ, ಚಕ್ರ ಸಂಪೂರ್ಣ ಸ್ತಬ್ಧವಾಗುವವರೆಗೆ ಕಾದು, ಆಮೇಲೂ ಒಂದು ಕ್ಷಣ ಯೋಚಿಸಿ, ಮೂಟೆ ಇಳಿದ ಹಾಗೆ ಇಳಿಯುತ್ತೇನೆ. ಈ ಮಾರ್ಗದ ಕಂಡಕ್ಟರನಿಗೆ ಇದು ಅಭ್ಯಾಸವಾಗಿದೆ. "ಸರ, ಗಾಡಿ ನಿಂತೈತ್ರಿ. ಇನ್ನ ನೆಲಾನೂ ಒಂದೀಟು ಮ್ಯಾಲ ಎತ್ತಿ ಕೊಡ್ಲೇನು?" ಎಂದು ಅವನು ಕೇಳಿದಾಗ ಇಡೀ ಬಸ್ಸು ನಕ್ಕಿತ್ತು. ನಾನೂ ನಕ್ಕೆ, ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಇಂಥವನನ್ನು ಈ ವರ್ಷ ಒಬ್ಬಳು ಮೆತ್ತಗೆ ಇಳಿಯುವ ಬಗೆಯನ್ನು ಹೇಳಿಕೊಡೆಂದು ಕೇಳಿದಳು ಎಂದರೆ ನೀವು ನಂಬಲಿಕ್ಕಿಲ್ಲ. ಕೇಳಿದವಳು ನನ್ನ ಅಕ್ಕನ ಮಗಳು ಗೌರಿ, ಮತ್ತು ತಪ್ಪು ಅವಳದಲ್ಲ.

ಸಿಂಧನೂರಿನಲ್ಲಿರುವ ನನ್ನ ಅಕ್ಕ ಶರಣಮ್ಮನ ಈ ಮಗಳು ವ್ಯಾಯಾಮ ಶಿಕ್ಷಣ ಓದಿ, ಈಜು ಕಲಿಸುತ್ತ, ತಮಿಳುನಾಡಿನ ಕಡಲತೀರವೊಂದಕ್ಕೆ ಹೋಗಿ ಸೇರಿದ್ದು ಕೈಟ್‌ಸರ್ಫಿಂಗ್ ಎಂಬ ಆಟ ಕಲಿಸುವ ಶಾಲೆಗೆ. ಕಾಲಿಗೆ ಹಲಗೆ, ಸೊಂಟಕ್ಕೆ ಬಿಗಿದ ಪಟ್ಟಿ, ಆ ಪಟ್ಟಿಗೆ ಉದ್ದುದ್ದ ದಾರ, ದಾರದ ತುದಿಗೆ ಎತ್ತಿನ ಬಂಡಿಯನ್ನು ಮುಚ್ಚುವಷ್ಟು ಅಗಲದ ಗಾಳಿಪಟ. ಗಾಳಿ ಎಳೆದಂತೆ ನೀರಿನ ಮೇಲೆ ಜಾರುವುದು, ಹದ ನೋಡಿ ಮಾಳಿಗೆಯೆತ್ತರ ಹಾರುವುದು, ಮತ್ತೆ ನೀರಿಗೆ ಇಳಿಯುವುದು. "ನಮ್ಮ ಗೌರಿ ಗಾಳಿಪಟ ಹಾರಸ್ತಾಳ" ಎಂದು ಅಕ್ಕ ಓಣಿಯಲ್ಲಿ ಹೇಳಿದರೆ, ಕೇಳಿದವರು "ಅಷ್ಟು ಓದಿ?" ಎನ್ನುತ್ತಿದ್ದರು.

ಹಿಂದಿನ ಗಾಳಿಗಾಲದ ಕೊನೆಯಲ್ಲಿ ಗೌರಿ ಒಂದು ಸಲ ಗಟ್ಟಿಯಾಗಿ ಇಳಿದಳು. ಮೊಳಕಾಲಿನ ಒಳಗಿನ ಅಸ್ಥಿರಜ್ಜುವೊಂದು ಹರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಊರಿಗೆ ಬಂದಳು, ತಿಂಗಳುಗಟ್ಟಲೆ ಕಾಲುವೆಯ ಏರಿಯ ಮೇಲೆ ನಡೆದಳು, ಆಮೇಲೆ ಓಡಿದಳು. ಡಾಕ್ಟರು ಆಡಬಹುದೆಂದರು. ನಾಗರಪಂಚಮಿ ಮುಗಿದ ಕೂಡಲೇ ಬರುವುದಾದರೆ ಬಾ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಶಾಲೆಯವರು ಹೇಳಿ ಕಳಿಸಿದರು. ಅಕ್ಕ ಬೇಡವೆಂದಳು. ಅದು ನಿರೀಕ್ಷಿತವೇ. ಆದರೆ ಗೌರಿಯ ನಿಜವಾದ ಅಡ್ಡಿ ಅಕ್ಕನಾಗಿರಲಿಲ್ಲ. ಅಕ್ಕನ ಮನೆಯ ಮುಂದೆ ಮೂರು ಮೆಟ್ಟಿಲುಗಳಿವೆ. ಸಮುದ್ರದ ಮೇಲೆ ಹಾರುತ್ತಿದ್ದ ಹುಡುಗಿ ಅವನ್ನು ಗೋಡೆ ಹಿಡಿದು ಇಳಿಯುತ್ತಿದ್ದಳು. ಹಬ್ಬಕ್ಕೆ ಮುಂಚೆ ಅಲ್ಲಿಗೆ ಹೋದಾಗ ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು.

"ಓಡಾಕ ಬರತೈತಿ ಮಾಮಾ. ಜಿಗಿಯಾಕ ಬರವಲ್ದು. ಕಾಲು ನೆಲಾ ಬಿಡೂದ್ಕಿಂತ ಮೊದ್ಲೇ ಗಟ್ಟಿ ಆಗಿಬಿಡ್ತಾವ."

ಆಮೇಲೆ ಅವಳು ಇಳಿಯುವ ಕ್ರಮವನ್ನು ನನ್ನ ಕರವಸ್ತ್ರವನ್ನು ಪಟ ಮಾಡಿ, ಚಹದ ಬಶಿಯನ್ನು ಹಲಗೆ ಮಾಡಿ ವಿವರಿಸಿದಳು. ಹಾರುವಾಗ ಪಟ ತಲೆಯ ಮೇಲಿರುತ್ತದೆ. ಇಳಿಯುವಾಗ ಅದನ್ನು ಹದ ನೋಡಿ ಮುಂದಕ್ಕೆ ತಿರುಗಿಸಬೇಕು. ಆಗ ಅದು ನಮ್ಮನ್ನು ಕೆಳಕ್ಕೆ ಬಿಡದೆ ಮುಂದಕ್ಕೆ ಎಳೆದೊಯ್ಯುತ್ತದೆ. ಹಲಗೆಯ ಮೂತಿ ಗಾಳಿ ಹೋಗುವ ಕಡೆಗೇ ಇರಬೇಕು, ಹಲಗೆಯ ಹಿಂಬದಿ ಮೊದಲು ನೀರು ಮುಟ್ಟಬೇಕು, ಮೊಳಕಾಲು ಸಡಿಲವಾಗಿರಬೇಕು, ಮುಟ್ಟಿದ ಮೇಲೂ ಜಾರುತ್ತ ಹೋಗಬೇಕು. "ನಾ ಅವತ್ತು ಹೆದರಿ ಅಲ್ಲೇ ನಿಂತಬಿಡಾಕ ನೋಡಿದೆ" ಎಂದಳು. "ನಾ ನಿಂತೆ. ಮೊಳಕಾಲು ನಿಂದರಲಿಲ್ಲ."

ಆಗ ಸುಮ್ಮನಿದ್ದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ. ಆದರೆ ನನ್ನ ಬಳಿ ಒಂದು ನೆನಪಿತ್ತು, ಮತ್ತು ನೆನಪುಳ್ಳವನಿಗೆ ಸುಮ್ಮನಿರುವುದು ಕಷ್ಟ.

ನೆನಪು ಹೀಗಿತ್ತು. ಪಾಮನಕಲ್ಲೂರಿನಲ್ಲಿ ನಮ್ಮ ಚಿಗವ್ವನ, ಅಂದರೆ ನಮ್ಮ ಅವ್ವನ ತಂಗಿಯ ಮನೆ. ಅಂಗಳದಲ್ಲಿ ಬೇವಿನ ಮರ, ಪಂಚಮಿಗೆ ಅದಕ್ಕೆ ಕಟ್ಟಿದ ಜೋಕಾಲಿ. ಎಂಟೋ ಒಂಬತ್ತೋ ವರ್ಷದ ನಾನು ಜೀಕಿ ಜೀಕಿ ಮೇಲೇರಿ, ಕಾಲು ಬೇವಿನೆಲೆಗೆ ತಾಗುವಾಗ ಹಗ್ಗ ಬಿಟ್ಟು ಜಿಗಿದು, ದನಗಳು ನೀರು ಕುಡಿಯುವ ಕಲ್ಲಿನ ಬಾನಿಯನ್ನು ದಾಟಿ ಇಳಿದು, ಬಾಗಿಲವರೆಗೆ ಓಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖಕ್ಕೆ ಬಡಿದ ಗಾಳಿ, ಹೊಟ್ಟೆ ಒಮ್ಮೆಲೇ ಹಗುರಾದದ್ದು, ಎಲ್ಲ ಇವತ್ತಿಗೂ ನನ್ನ ಮೈಯಲ್ಲಿದೆ.

ಇದನ್ನು ನಾನು ಡೈರಿಯಲ್ಲಿ ಮೂರು ಸಲ ಬರೆದಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಬರೆದ ಪುಟದಲ್ಲಿ ಬಾನಿಯ ಈಚೆಗೇ ಇಳಿದಿದ್ದೇನೆ. ನೌಕರಿ ಸೇರಿದ ವರ್ಷ ಬಾನಿಯನ್ನು ದಾಟಿದ್ದೇನೆ. ಐವತ್ತು ತುಂಬಿದಾಗ ಬರೆದ ಪುಟದಲ್ಲಿ ಬಾನಿಯ ಜೊತೆಗೆ ಕಟ್ಟಿಹಾಕಿದ ಒಂದು ಎಮ್ಮೆಯನ್ನೂ ದಾಟಿದ್ದೇನೆ. ಒಂದೇ ಘಟನೆಗೆ ಮೂರು ದಾಖಲೆ ಸಿಕ್ಕು ಮೂರೂ ಬೇರೆ ಬೇರೆಯಾಗಿದ್ದರೆ ಅನುಮಾನಪಡಿ, ಬರೆದವನೂ ನಾಯಕನೂ ಒಬ್ಬನೇ ಆಗಿದ್ದರೆ ಇನ್ನಷ್ಟು ಅನುಮಾನಪಡಿ ಎಂದು ತರಗತಿಯಲ್ಲಿ ಹೇಳುವವನು ನಾನೇ. ಆದರೂ ಗೌರಿಯ ಮುಂದೆ ಎಮ್ಮೆಯಿರುವ ಪ್ರತಿಯನ್ನೇ ಹೇಳಿದೆ. ಸೋದರಮಾವನಾದವನಿಗೆ ಇಷ್ಟು ಸ್ವಾತಂತ್ರ್ಯ ಬೇಡವೇ?

ಅವಳು ಕಣ್ಣರಳಿಸಿ ಕೇಳಿದಳು. ಮುಗಿದ ಮೇಲೆ, ಕಲಿಸುವವರ ಅಭ್ಯಾಸ ನೋಡಿ, ಒಂದೇ ಪ್ರಶ್ನೆ ಹಾಕಿದಳು. "ಹಂಗಾದ್ರ ನನಗೂ ಹೇಳಿಕೊಡು. ಯಾವ ಕಾಲು ಮೊದ್ಲು ಊರಿದಿ ಮಾಮಾ?"

ನನಗೆ ಗೊತ್ತಿರಲಿಲ್ಲ. ಗಾಳಿ ನೆನಪಿದೆ, ಎಲೆ ನೆನಪಿದೆ, ಚಪ್ಪಾಳೆ ನೆನಪಿದೆ, ನೆಲ ನೆನಪಿಲ್ಲ. ಹಾರಿದವನ ನೆನಪಿನಲ್ಲಿ ನೆಲವೇ ಇಲ್ಲದಿದ್ದರೆ ಹೇಗೆ? "ಬಲಗಾಲು" ಎಂದು ಗಂಭೀರವಾಗಿ ಸುಳ್ಳು ಹೇಳಿದೆ. ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದ ಅಕ್ಕ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಉಂಡಿಯ ಕಡೆ ತಿರುಗಿದಳು. ಆ ನೋಟದ ಅರ್ಥ ನನಗಾಗ ಆಗಲಿಲ್ಲ.

ಪಂಚಮಿಗೆ ಮೂವರೂ ಪಾಮನಕಲ್ಲೂರಿಗೆ ಹೋದೆವು. ಅವ್ವ ಹೋದ ಮೇಲೆ ಅಕ್ಕನಿಗೆ ಅದೇ ತವರು. ಚಿಗವ್ವನಿಗೆ ಎಂಬತ್ತರ ಹತ್ತಿರ; ಹಲ್ಲು ಹೋಗಿವೆ, ಜ್ಞಾಪಕ ಹೋಗಿಲ್ಲ. ಹಾಲೆರೆದು ಉಂಡಾದ ಮೇಲೆ ಅಂಗಳದಲ್ಲಿ ಜೋಕಾಲಿ ಶುರುವಾಯಿತು. ಬೇವಿನ ಮರ ಅದೇ, ಬಾನಿಯೂ ಅದೇ, ಆದರೆ ಎರಡರ ನಡುವಿನ ಅಂತರ ನನ್ನ ಡೈರಿಗಿಂತ ಬಹಳ ಕಡಿಮೆ. ಅದನ್ನು ಗಮನಿಸದವನಂತೆ ಗೌರಿಗೆ ಸ್ಥಳ ತೋರಿಸುತ್ತ, ಇಲ್ಲಿಂದ ಜಿಗಿದೆ, ಅಲ್ಲಿ ಇಳಿದೆ ಎನ್ನುತ್ತಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಚಿಗವ್ವ ಕಿವಿಗೊಟ್ಟು ಕೇಳಿದಳು.

"ಯಾವನಲೇ ಜಿಗದಾವ? ನೀನಾ?" ಎಂದಳು. "ಅಯ್ಯ ನನ ಕೂಸs, ನೀ ಹಗ್ಗ ಬಿಡಾಕs ಒಲ್ಲ್ಯಾಗಿದ್ದಿ. ಜೋಕಾಲಿ ನಿಂತ ಮ್ಯಾಲೂ ಬಿಡಲಿಲ್ಲ. ನಿನ್ನ ಬಟ್ಟು ಒಂದೊಂದs ಬಿಡಿಸಿ ಇಳಿಸೀನಿ. ಜಿಗದಾಕಿ ನಮ್ಮ ಶರಣಿ!"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರೊಬ್ಬ ಇರಲಿಲ್ಲ, ಅಷ್ಟೇ.

ನಾಚಿಕೆ ಇಳಿದ ಮೇಲೆ ಎಲ್ಲ ಸ್ಪಷ್ಟವಾಗತೊಡಗಿತು. ಅಗಲವಾದ ಹಲಗೆಯ ಮೇಲೆ ನಾನೂ ಅಕ್ಕನೂ ಪಕ್ಕಪಕ್ಕದಲ್ಲಿ ಕುಳಿತಿದ್ದೆವು. ಮುಖಕ್ಕೆ ಬಡಿದ ಗಾಳಿ ಇಬ್ಬರಿಗೂ ಒಂದೇ, ಬೇವಿನೆಲೆಯೂ ಒಂದೇ. ಅವಳು ಜಿಗಿದಳು, ಹಲಗೆ ಒಂದು ಕಡೆ ವಾಲಿತು, ನನ್ನ ಹೊಟ್ಟೆ ಹಗುರಾಯಿತು. ಚಪ್ಪಾಳೆ ಕೇಳಿಸಿತು. ಇಷ್ಟೆಲ್ಲ ಸಾಮಗ್ರಿ ಕೈಯಲ್ಲಿದ್ದಾಗ, ಉಳಿದ ಎರಡು ಗಜದ ಹಾರಾಟವನ್ನು ಮನಸ್ಸು ತಾನೇ ಸೇರಿಸಿಕೊಂಡಿರಬೇಕು. ಎಮ್ಮೆಯನ್ನು ಎಲ್ಲಿಂದ ತಂದಿತೋ ತಿಳಿಯದು.

ಗೌರಿ ನನ್ನ ಕಡೆ ನೋಡಲೂ ಇಲ್ಲ. ತನ್ನ ಅವ್ವನ ಕಡೆ ತಿರುಗಿದ್ದಳು. ಇಷ್ಟು ದಿನ ಬೇಡ, ಬೇಡ ಎಂದಷ್ಟೇ ಹೇಳಿದ್ದ ಅವ್ವ.

"ಖರೇನs ಜಿಗದಿಯೇನ್ ಬೇ ಯವ್ವಾ? ಯಾವ ಕಾಲು ಮೊದ್ಲು?"

"ಎಡಗಾಲು" ಎಂದಳು ಅಕ್ಕ, ಕ್ಷಣವೂ ಯೋಚಿಸದೆ. "ಬಲಗಾಲು ಓಡಾಕ ಬೇಕಲ್ಲ."

ನಲವತ್ತೈದು ವರ್ಷಗಳಿಂದ ಆ ನೆಲ ಅವಳ ಕಾಲಿನಲ್ಲಿ ಇದ್ದೇ ಇತ್ತು. ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಅವಳು ನಿಲ್ಲಿಸಲಿಲ್ಲ.

"ಎರಡೂ ಕೈ ಒಮ್ಮೆಲೇ ಬಿಡಬಾರದು. ಒಂದು ಕೈ ಮೊದ್ಲು ಬಿಡು, ಇನ್ನೊಂದು ಕೈ ಚೂರು ತಡದು ಬಿಡು. ಆ ಕೈ ನಿನ್ನ ನೆಟ್ಟಗ ಮಾಡತೈತಿ, ಮುಂದಕ್ಕ ಒಯ್ತೈತಿ. ಬಿದ್ದಲ್ಲೇ ನಿಂದ್ರಬ್ಯಾಡ. ನಿಂತ್ರ ಬಡೀತೈತಿ. ಓಡು."

"ಇದs ಬೇ, ಇದನ್ನs ನಾ ಅಲ್ಲಿ ಕಲಸ್ತೀನಿ!" ಎಂದು ಗೌರಿ ಕೂಗಿದಳು. "ಪಟ ತಡದು ಮುಂದಕ್ಕ ತಿರುಗಸೂದು ಅಂದ್ರ ಇದs! ಮತ್ತ ಯಾಕ ಬಿಟ್ಟಿ ಜಿಗಿಯೂದು?"

"ಸೀರಿ ಉಡಿಸಿದ್ರು, ಬಿಟ್ಟೆ" ಎಂದಳು ಅಕ್ಕ. ಅದರಲ್ಲಿ ದೂರೂ ಇರಲಿಲ್ಲ, ದುಃಖವೂ ಇರಲಿಲ್ಲ; ಇದ್ದರೂ ನನಗೆ ಕಾಣದಷ್ಟು ಆಳದಲ್ಲಿತ್ತು.

ಗೌರಿ ಜೋಕಾಲಿಯ ಹಲಗೆಯ ಮೇಲೆ ಕುಳಿತಳು. ಯಾರೂ ಹೇಳಿರಲಿಲ್ಲ. ಮೆಲ್ಲಗೆ ಜೀಕತೊಡಗಿದಳು. ಅಕ್ಕ ಹೋಗಿ ಹಗ್ಗ ಹಿಡಿದು ನಿಲ್ಲಿಸುತ್ತಾಳೆ ಎಂದು ನಾನು ಎದ್ದು ನಿಂತೆ, ಅವಳ ಪರವೋ ಇವಳ ಪರವೋ ತಿಳಿಯದೆ. ಅಕ್ಕ ಹಗ್ಗದ ಕಡೆ ಹೋಗಲಿಲ್ಲ. ಬಾನಿಯ ಈಚೆ, ಸ್ವಲ್ಪ ಬಲಕ್ಕೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಳು. ಅಂಗೈಯಿಂದ ನೆಲವನ್ನು ಸವರಿ, ಸಿಕ್ಕ ಹರಳುಗಳನ್ನೆಲ್ಲ ಒಂದೊಂದಾಗಿ ಆಯ್ದು ಬದಿಗೆ ಎಸೆದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಿನ ಅದೇ ಶ್ರದ್ಧೆ. ಆಮೇಲೆ ಎದ್ದು, ಕಾಲಿನ ಹೆಬ್ಬೆರಳಿನಿಂದ ಒಂದು ಗೆರೆ ಎಳೆದು, ಸರಿದು ನಿಂತಳು.

"ಇಲ್ಲಿ" ಎಂದಳು.

ಗೌರಿ ಇನ್ನೂ ನಾಲ್ಕು ಸಲ ಜೀಕಿದಳು. ಐದನೆಯ ಸಲ ಹಲಗೆ ಖಾಲಿಯಾಗಿತ್ತು. ಅದು ಬಹಳ ಎತ್ತರವೇನಲ್ಲ, ನನ್ನ ಎದೆಮಟ್ಟ ಇದ್ದೀತು. ಎಡಗೈ ಹಗ್ಗವನ್ನು ತಡೆದು ಬಿಟ್ಟಿತು. ಎಡಗಾಲು ಗೆರೆಯ ಮೇಲೆ ಬಿತ್ತು, ಮೊಳಕಾಲು ಬಾಗಿತು, ಅಷ್ಟರಲ್ಲಿ ಬಲಗಾಲು ಆಗಲೇ ಮುಂದೆ ಹೋಗಿತ್ತು. ಸದ್ದೇ ಆಗಲಿಲ್ಲ. ಅವಳು ಓಡುತ್ತ ಓಡುತ್ತ ಬಾಗಿಲವರೆಗೆ ಹೋಗಿ, ಚೌಕಟ್ಟಿಗೆ ಕೈಕೊಟ್ಟು ನಿಂತು, ಬೆನ್ನು ನಮ್ಮ ಕಡೆ ಇರುವಂತೆಯೇ ಅತ್ತಳು, ಅಥವಾ ನಕ್ಕಳು. ಬೆನ್ನು ಅಲುಗುವುದಷ್ಟೇ ನನಗೆ ಕಂಡದ್ದು, ಹೆಚ್ಚಿನದನ್ನು ಸೇರಿಸಲಾರೆ. ಒಮ್ಮೆ ಸೇರಿಸಿ ಅನುಭವಿಸಿದ್ದೇನೆ.

ಚಪ್ಪಾಳೆ ತಟ್ಟಿದವನು ನಾನು. ಮೊದಲ ಸಲವೂ ಅದೇ ನನ್ನ ಪಾಲಿಗೆ ಇದ್ದ ಕೆಲಸವಾಗಿರಬಹುದಿತ್ತು, ಕೈಗಳು ಹಗ್ಗದ ಮೇಲೆ ಇಲ್ಲದಿದ್ದರೆ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಬುಟ್ಟಿಯಿಂದ ಉಂಡಿಗಳನ್ನು ತೆಗೆದು ಬೇರೆ ಡಬ್ಬಿಗೆ ತುಂಬತೊಡಗಿದಳು. "ಅಲ್ಲಿ ಇವು ಸಿಗೂದಿಲ್ಲ" ಎಂದಳು, ಯಾರನ್ನೂ ನೋಡದೆ. "ಒಯ್ಯಿ. ಒಬ್ಬಾಕೇ ತಿನಬ್ಯಾಡ, ಕಲಿಯಾಕ ಬಂದವರಿಗೂ ಕೊಡು." ಅನುಮತಿ ಎಂಬ ಪದವನ್ನು ಯಾರೂ ಬಳಸಲಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿಯಾಗಿ ಕೂತಿತು.

ಆ ರಾತ್ರಿ ಲಿಂಗಸುಗೂರಿನ ಮನೆಗೆ ಮರಳಿ ಡೈರಿಯ ಮೂರು ಹಳೆಯ ಪುಟಗಳನ್ನು ಹುಡುಕಿ ತೆಗೆದೆ. ಹರಿದು ಹಾಕಬೇಕೆಂದಿದ್ದೆ, ಮನಸ್ಸು ಬರಲಿಲ್ಲ. ಸುಳ್ಳಾದರೂ ಅವು ಅಕ್ಕನ ಬಗ್ಗೆ ನಾನು ಬರೆದ ಅತ್ಯುತ್ತಮ ಪುಟಗಳು. "ನಾನು" ಎಂದಿದ್ದಲ್ಲೆಲ್ಲ ಹೊಡೆದುಹಾಕಿ "ಅಕ್ಕ" ಎಂದು ಬರೆದೆ. ಎಮ್ಮೆಯನ್ನು ಹಾಗೇ ಬಿಟ್ಟೆ. ಅವಳು ಬೇಕಿದ್ದರೆ ಅದನ್ನೂ ದಾಟುತ್ತಿದ್ದಳು.

ಗೌರಿ ಹೋಗಿ ಈಗ ಮೂರು ವಾರವಾಯಿತು. ಮೊನ್ನೆ ಅವಳು ಹಾರಿ ಇಳಿದ ವಿಡಿಯೊ ಒಂದನ್ನು ಕಳಿಸಿದ್ದಳು. ಅದನ್ನು ನೋಡಿದ ಅಕ್ಕ ನನಗೆ ಫೋನು ಮಾಡಿ, ಆಕಾಶದ ಬಗ್ಗೆಯಾಗಲಿ ಸಮುದ್ರದ ಬಗ್ಗೆಯಾಗಲಿ ಒಂದು ಮಾತೂ ಆಡದೆ, "ಇಳದ ಮ್ಯಾಲ ನಿಂದ್ರಲಿಲ್ಲ, ನೋಡಿದೇನು?" ಎಂದಷ್ಟೇ ಕೇಳಿದಳು. ಮೆತ್ತಗೆ ಇಳಿಯುವುದೆಂದರೆ ಮೆತ್ತಗೆ ನಿಲ್ಲುವುದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಬಂದ ವೇಗವನ್ನು ನೆಲದ ಮೇಲೂ ನಾಲ್ಕು ಹೆಜ್ಜೆ ಇಟ್ಟುಕೊಂಡು, ಆಮೇಲೆ ಬಿಡುವುದು ಎಂದು ಬುತ್ತಿಗಂಟಿನ ಹೆಂಗಸರಿಗೂ ನನ್ನ ಅಕ್ಕನಿಗೂ ಮೊದಲೇ ಗೊತ್ತಿತ್ತು.

ನಿನ್ನೆ ಮಸ್ಕಿಯಲ್ಲಿ ನನ್ನ ಸ್ಥಳ ಬಂತು. ಒಂದು ಕೈ ಮೊದಲು ಬಿಟ್ಟೆ, ಇನ್ನೊಂದನ್ನು ತಡೆದು ಬಿಟ್ಟೆ, ಎಡಗಾಲನ್ನು ನೆಲಕ್ಕಿಟ್ಟು, ಮೊಳಕಾಲು ಬಾಗಿಸಿ, ಮೂರು ಹೆಜ್ಜೆ ಸೊಗಸಾಗಿ ಓಡಿದೆ. ಹಿಂದಿನಿಂದ ಕಂಡಕ್ಟರನ ದನಿ ಕೇಳಿಸಿತು.

"ಸರ, ಗಾಡಿ ನಿಂತು ಹೊತ್ತಾತ್ರಿ! ಯಾಕ ಓಡಾಕತ್ತೀರಿ?"

ತಿರುಗಿ ನೋಡಿದೆ. ನಿಜ, ಬಸ್ಸು ಸಂಪೂರ್ಣ ನಿಂತಿತ್ತು. ಪರವಾಗಿಲ್ಲ. ಡೈರಿಯಲ್ಲಿ ಬರೆದಿದ್ದೇನೆ: ಇಳಿದವನು ನಾನೇ, ಎಡಗಾಲು ಮೊದಲು, ಕಂಡಕ್ಟರ್ ನೋಡಿದ್ದಾನೆ.