ಗೊಂಚಿಗನ ನೀಲಿ ಪಟ್ಟಿಯ ಕುದುರೆಗಳು

ಗೊಂಚಿಗ್ ಭಾವ ತೀರಿಕೊಂಡ ಮೇಲೆ ನಮ್ಮ ಕಣಿವೆಯವರಿಗೆಲ್ಲ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂದಿದೆ. ಯಾರ ಗುಡಾರಕ್ಕೆ ಹೋಗಿ ಚಹಾಕ್ಕೆ ಕುಳಿತರೂ "ಪುಣ್ಯಾತ್ಮ ಕಣಮ್ಮ ನಿಮ್ಮ ಭಾವ, ಅಂಥೋರು ಇನ್ನು ಹುಟ್ಟಲ್ಲ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಬದುಕಿದ್ದಾಗ ಇದೇ ಬಾಯಿಗಳು "ಮುದಿಗುದುರೆ ಗೊಂಚಿಗ" ಎಂದು ಹಲ್ಲು ಕಿರಿದದ್ದನ್ನು ನಾನು ಕೇಳಿಲ್ಲವೇ? ನಾನು ದುಲ್ಮಾ, ಅವರ ತಮ್ಮನ ಹೆಂಡತಿ. ಗಂಡ ಸತ್ತ ಮೇಲೆ ಅವರ ಗುಡಾರದ ಪಕ್ಕಕ್ಕೇ ನನ್ನ ಗುಡಾರ ಎತ್ತಿಕೊಂಡು ಬಂದು, ಅವರಿಗೆ ಬೇಯಿಸಿ ಹಾಕುತ್ತಾ, ಅವರನ್ನು ಬೈಯುತ್ತಾ ಅರ್ಧ ಆಯಸ್ಸು ಕಳೆದವಳು. ನನ್ನಷ್ಟು ಅವರನ್ನು ಬೈದವರು ಇಡೀ ಮಂಗೋಲಿಯಾದಲ್ಲಿ ಇಲ್ಲ. ಹಾಗಾಗಿ ಅವರ ವಿಷಯ ಹೇಳುವ ಹಕ್ಕೂ ನನ್ನದೇ.

ಭಾವ ಆರು ವರ್ಷಕ್ಕೇ ಪಂದ್ಯದ ಕುದುರೆ ಏರಿದವರು. ನಮ್ಮ ಪಂದ್ಯಗಳಿಗೆ ಮಕ್ಕಳೇ ಸವಾರರು, ಹಗುರ ಇರಬೇಕಲ್ಲ. ಅಪ್ಪನ ಕುದುರೆ ಕರಿಯನ ಮೇಲೆ ಕುಳಿತು ಮೊದಲು ಬಂದರಂತೆ. ಗೆದ್ದ ಕುದುರೆಯ ಬೆವರು ಶುಭ ಎಂದು ಕಣಿವೆಗೆ ಕಣಿವೆಯೇ ಮೇಲೆ ಬಿದ್ದು ಅದರ ಮೈ ಸವರಿ ಹಣೆಗೆ ಹಚ್ಚಿಕೊಂಡಿತಂತೆ. ಒಂದೆರಡು ವರ್ಷಕ್ಕೆ ಅದೇ ಕರಿಯ ಕುಂಟಿತು. ಚಳಿಗಾಲ ಶುರುವಾಗಿ, ಮಾಂಸ ಕೂಡಿಡುವ ದಿನಗಳಲ್ಲಿ ಹುಡುಗ "ಕರಿಯ ಎಲ್ಲಿ?" ಎಂದು ಕೇಳಿದರೆ ಅಪ್ಪ ಗದ್ದವೆತ್ತಿ ಮಾಂಸದ ಪೆಟ್ಟಿಗೆ ತೋರಿಸಿದನಂತೆ. ಇದನ್ನು ಭಾವ ನನಗೆ ಹೇಳಿದ್ದು ಒಂದೇ ಸಲ.

"ಆಮೇಲೆ?" ಎಂದೆ.

"ಆಮೇಲೇನು, ತಿಂದೆ. ಹಸಿವಾಗಿತ್ತು. ರುಚಿಯಾಗೇ ಇತ್ತು ದುಲ್ಮಾ. ಅದೇ ನೋಡು ನನ್ನ ಸಂಕಟ."

ಕುದುರೆಯ ಜೂಲಿಗೆ ನೀಲಿ ರೇಷ್ಮೆ ಪಟ್ಟಿ ಕಟ್ಟಿದರೆ ಅದು ಬೆಟ್ಟದ ದೇವರ ಸೊತ್ತು. ಅದನ್ನು ಏರುವಂತಿಲ್ಲ, ಮಾರುವಂತಿಲ್ಲ, ಕುಯ್ಯುವಂತಿಲ್ಲ. ತಾನಾಗಿ ಸಾಯುವ ತನಕ ಮೇದುಕೊಂಡಿರಬೇಕು. ಮನೆಗೊಂದು ಹೀಗೆ ಬಿಡುವುದು ನಮ್ಮ ವಾಡಿಕೆ, ಅದೂ ನೋಡಲು ಚೆಂದವಿರುವ ಎಳೆಯ ಕುದುರೆಯನ್ನು. ನಮ್ಮ ಭಾವ ಪಟ್ಟಿ ಕಟ್ಟಿದ್ದೋ, ಕಸಾಯಿ ಲಾರಿ ಹತ್ತಬೇಕಾಗಿದ್ದ ಮುದಿಯವಕ್ಕೆ, ಕುಂಟಿಗೆ, ಕುರುಡಿಗೆ. ಲಾಮಾ ಬಂದು ಮಂತ್ರ ಹೇಳದೆ ಹೇಗೆ ಕಟ್ಟುತ್ತೀಯೆಂದು ಯಾರಾದರೂ ಕೇಳಿದರೆ, "ದೇವರಿಗೇನು ಕಣ್ಣಿಲ್ವಾ? ಪಟ್ಟಿ ಕಾಣತ್ತೆ ಬಿಡು" ಎಂದು ಮುಂದೆ ಹೋಗುತ್ತಿದ್ದರು.

ಮೊದಮೊದಲು ಜನ ನಕ್ಕರು. ಆಮೇಲೆ ಅದರಲ್ಲೊಂದು ಅನುಕೂಲ ಕಂಡುಕೊಂಡರು. ಲಾರಿಗೆ ಹತ್ತಿಸಿದರೆ ಪಾಪ, ಇಟ್ಟುಕೊಂಡರೆ ಮೇವು ದಂಡ. ಆಗ ನೆನಪಾಗುವವರು ನಮ್ಮ ಭಾವ. "ಗೊಂಚಿಗಣ್ಣಾ, ನಮ್ಮ ಮಗನ್ನ ಹೊತ್ಕೊಂಡು ಓಡಿದ ಪ್ರಾಣಿ, ಕುಯ್ಯೋಕೆ ಕೈ ಬರಲ್ಲ. ನೀನೇ ಒಂದು ಪಟ್ಟಿ ಕಟ್ಬಿಡು" ಎಂದು ಕಣ್ಣೊರೆಸಿಕೊಂಡು, ಹಗ್ಗ ಕೈಗಿಟ್ಟು, ನನ್ನ ಚಹಾ ಕುಡಿದು ಹೋಗುತ್ತಿದ್ದರು. ಒಂದು ಹಿಡಿ ಹುಲ್ಲು ತಂದುಕೊಟ್ಟವರಿಲ್ಲ. ಅವರ ಪಾಪವೆಲ್ಲ ನಾಲ್ಕು ಕಾಲಿನ ಮೇಲೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಹಾಗೆ ಬಂದು ನಿಂತದ್ದೇ ಶಗ್ದರನ ಕೆಂದ. ನಾವು ಕುದುರೆಗೆ ಹೆಸರಿಡುವವರಲ್ಲ, ಮೈಬಣ್ಣವೇ ಅದರ ಹೆಸರು. ಹಿಂಗಾಲೊಂದು ಬೆಳ್ಳಗಿದ್ದ ಈ ಕೆಂದ ಸಾಲಾಗಿ ಎಷ್ಟೋ ಪಂದ್ಯ ಗೆದ್ದಿತ್ತು. ಅದರಿಂದಲೇ ಶಗ್ದರ್ ದೊಡ್ಡ ಮನುಷ್ಯನಾದದ್ದು, ಜೀಪು, ಲಾರಿ, ಊರತುಂಬ ಹೆಸರು ಮಾಡಿದ್ದು. ಅದಕ್ಕೆ ಕಣ್ಣು ಮಂಜಾದಾಗ ತಾನೇ ಬರಲು ಮುಖವಿಲ್ಲದೆ ಆಳಿನ ಕೈಯಲ್ಲಿ ಕಳಿಸಿದ. ನಮ್ಮಲ್ಲಿಗೆ ಬಂದು ಎರಡು ವರ್ಷಕ್ಕೆ ಕಣ್ಣು ಪೂರ್ತಿ ಹೋಯಿತು, ಹಲ್ಲೂ ಸವೆಯಿತು. ಒಣಹುಲ್ಲು ಅಗಿಯಲಾರದು. ಭಾವ ನಾನು ಕೊಬ್ಬಿನಲ್ಲಿ ಕರಿದಿಟ್ಟ ಹಿಟ್ಟಿನ ಬಿಲ್ಲೆಗಳನ್ನು ಚಹಾದಲ್ಲಿ ನೆನೆಸಿ ಅದರ ಬಾಯಿಗಿಡುತ್ತಿದ್ದರು.

"ದೇವರ ಕುದುರೆಗೆ ಇಡೀ ಬಿಲ್ಲೆ, ತಮ್ಮನ ಹೆಂಡತಿಗೆ ತಳದ ಚೂರು! ಚೆನ್ನಾಗಿದೆ ಭಾವ ನಿಮ್ಮ ನ್ಯಾಯ."

"ನಿನಗೆ ಹಲ್ಲಿದೆಯಲ್ಲ ದುಲ್ಮಾ. ನಾಲಿಗೆ ಅಂತೂ ಕೇಳಲೇಬೇಡ."

ಹೀಗೆ ನಡೆದಿತ್ತು, ಆ ಬಿಳಿ ಬರ ಬರುವವರೆಗೆ. ಮೊದಲು ಮಳೆ, ಮಳೆಯ ಮೇಲೆ ಹಿಮ, ಹಿಮದ ಮೇಲೆ ಚಳಿ. ಹುಲ್ಲೆಲ್ಲ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡಿತು. ಕುದುರೆಗಳು ಗೊರಸಿನಿಂದ ಕೆರೆದೂ ಕೆರೆದೂ ಕಾಲಿನಿಂದ ರಕ್ತ ಬಂತೇ ಹೊರತು ಬಾಯಿಗೊಂದು ಎಳೆ ಸಿಗಲಿಲ್ಲ. ನನ್ನ ಕುರಿಗಳು ಒಂದರ ಉಣ್ಣೆ ಒಂದು ಕಿತ್ತು ತಿಂದವು. ಭಾವನ ಹನ್ನೊಂದು ಕುದುರೆ, ನನ್ನ ಕುರಿ, ಎಲ್ಲಕ್ಕೂ ಸೇರಿ ನಮ್ಮಲ್ಲಿದ್ದ ಹುಲ್ಲು ನೋಡಿದರೆ ಅಳು ಬರುತ್ತಿತ್ತು. ಚಳಿಗಾಲ ಇನ್ನೂ ಅರ್ಧ ಉಳಿದಿತ್ತು.

ಅಂಥ ದಿನಗಳಲ್ಲಿ ಶಗ್ದರನ ಜೀಪು ಬಂತು. ಒಳಗೆ ಬಂದು ದೊಡ್ಡವರು ಕೂರುವ ಮೇಲಿನ ಜಾಗದಲ್ಲಿ ಕುಳಿತ. ಮರ್ಯಾದೆಗೆಂದು ಇಬ್ಬರೂ ನಶ್ಯದ ಡಬ್ಬಿ ಬದಲಾಯಿಸಿಕೊಂಡರು. "ಚಳಿಗಾಲ ಸುಖವಾಗಿ ಕಳೀತಿದೆಯಾ? ದನಕರು ಕೊಬ್ಬಿವೆಯಾ?" ಎಂದು ಪದ್ಧತಿಯಂತೆ ಕೇಳಿದ. ಹೊರಗೆ ಸತ್ತ ಕುರಿಗಳು ಗೋಡೆಯ ಹಾಗೆ ಒಟ್ಟಿ ಬಿದ್ದಿದ್ದವು. ಭಾವನೂ ಪದ್ಧತಿಯಂತೆ "ಸುಖವಾಗಿದೆ" ಎಂದರು. ಆಗ ಶಗ್ದರ್ ನಿಲುವಂಗಿಯ ಎದೆಯೊಳಗಿಂದ ಮಡಿಚಿದ ಹೊಸ ನೀಲಿ ರೇಷ್ಮೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ದನಿ ಇಳಿಸಿದ.

"ಕೆಂದ ಹೋಯ್ತಂತೆ ಗೊಂಚಿಗ್. ಕೇಳಿ ಅನ್ನ ಸೇರಲಿಲ್ಲ ಕಣೋ. ಅದರ ತಲೆ ತಗೊಂಡು ಹೋಗೋಣ ಅಂತ ಬಂದೆ. ಗುಡ್ಡದ ತುದೀಲಿರೋ ದೇವರ ಕಲ್ಲುಗುಪ್ಪೆ ಮೇಲೆ ಇಟ್ಟು ಪೂಜೆ ಮಾಡಿಸ್ತೀನಿ. ನನ್ನ ಹೊಸ ಕುದುರೆಗಳು ಮೂರು ವರ್ಷದಿಂದ ಸೋಲ್ತಿವೆ. ಲಾಮಾ ಹೇಳಿದ್ದಾರೆ, 'ನಿಮ್ಮ ಮನೆಗೆ ಮೊದಲು ಗೆಲುವು ತಂದ ಕುದುರೆಯ ತಲೇನ ಗುಡ್ಡದ ಮೇಲಿಡಿ, ಅದೃಷ್ಟ ತಿರುಗತ್ತೆ' ಅಂತ."

ಸತ್ತ ಒಳ್ಳೆಯ ಕುದುರೆಯ ತಲೆಬುರುಡೆಯನ್ನು ಎತ್ತರದಲ್ಲಿಟ್ಟು ಗೌರವಿಸುವುದು ನಮ್ಮ ಹಿರಿಯರ ಕ್ರಮ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ಸತ್ತದ್ದು ಬೇರೆಯವರ ಇನ್ಯಾವುದೋ ಕೆಂದು ಕುದುರೆ, ಗಾಳಿಸುದ್ದಿ ಹೇಗೋ ಹರಡಿತ್ತು. ನನಗೆ ತಡೆಯಲಾಗಲಿಲ್ಲ.

"ತಲೆ ಹೊರಗಡೆ ಇದೆ ಶಗ್ದರಣ್ಣ. ಏನು ಮಾಡೋದು, ಇನ್ನೂ ಕುತ್ತಿಗೆ ಮೇಲೇ ಇದೆ!"

ಅವನ ಮುಖ ನೋಡಬೇಕಿತ್ತು. ಸತ್ತಿದೆ ಎಂದಾಗ ಇದ್ದ ದುಃಖಕ್ಕಿಂತ ಬದುಕಿದೆ ಎಂದಾಗ ಆದ ದುಃಖವೇ ಜಾಸ್ತಿ. ಮೂವರೂ ಹೊರಗೆ ಹೋದೆವು. ಕೆಂದ ಗಾಳಿಮರೆಯಲ್ಲಿ ಹಳೆಯ ಕಂಬಳಿ ಹೊದ್ದು ನಿಂತಿತ್ತು. ಶಗ್ದರನ ದನಿ ಕೇಳಿದ್ದೇ ಕಿವಿ ನಿಮಿರಿಸಿ, ತಡವರಿಸುತ್ತ ಹತ್ತಿರ ಬಂದು ಅವನ ತೋಳು ಮೂಸಿತು. ಅವನು ತೋಳು ಎಳೆದುಕೊಂಡು ನಿಲುವಂಗಿಗೆ ಒರೆಸಿಕೊಂಡ.

"ನೋಡು ಗೊಂಚಿಗ್," ಎಂದ, "ಇದು ಇವತ್ತೋ ನಾಳೆಯೋ ಅಂತಿದೆ. ಇದರ ಬಾಯಿಗೆ ಹಾಕೋದು ಬೂದಿ ಮೇಲೆ ನೀರು ಸುರಿದ ಹಾಗೆ. ನನ್ನ ಹತ್ರ ಒಂದು ಲಾರಿ ಹುಲ್ಲಿದೆ. ನಾಳೆನೇ ಇಳಿಸ್ತೀನಿ. ಉಳಿದ ಹತ್ತೂ ಬದುಕ್ತವೆ, ದುಲ್ಮಾಳ ಕುರೀನೂ ಬದುಕ್ತವೆ. ನಂಗೆ ಬೇಸಿಗೆ ಪೂಜೆ ಹೊತ್ತಿಗೆ ತಲೆ ಸಿಕ್ರೆ ಸಾಕು."

"ಪಟ್ಟಿ ಕಟ್ಟಿದ ಕುದುರೆ ಕೊಲ್ಲು ಅಂತೀಯಾ?"

"ಥೂ ಥೂ, ಬಿಡ್ತು ಅನ್ನು! ನಾನೆಲ್ಲಿ ಕೊಲ್ಲು ಅಂದೆ? ನೀನೇನೂ ಮಾಡಬೇಡ. ಬಿಲ್ಲೆ ನೆನೆಸಬೇಡ, ಕಂಬಳಿ ಹೊದಿಸಬೇಡ, ಅಷ್ಟೇ. ಅದರ ಪಾಡಿಗೆ ಬಿಡು. ಉಳಿದದ್ದು ಚಳಿ ನೋಡ್ಕೊಳ್ಳತ್ತೆ. ನಿನಗೂ ಪಾಪ ಇಲ್ಲ, ನನಗೂ ಇಲ್ಲ."

ಭಾವ ಕೆಂದನ ಬೆನ್ನಿನಿಂದ ಜಾರಿದ ಕಂಬಳಿ ಸರಿಪಡಿಸಿದರು. ಆಮೇಲೆ, "ಪಟ್ಟಿ ಕಟ್ಟೋವಾಗ ಇದರ ಕಿವೀಲಿ ಹೇಳಿದ್ದೀನಿ, ಸಾಯೋವರೆಗೂ ಇಲ್ಲೇ ಇರು ಅಂತ. ಬೇಗ ಸಾಯಿ ಅಂತ ಹೇಳಿಲ್ಲ. ಹೋಗ್ಬಾ ಶಗ್ದರ್" ಎಂದರು.

ಜೀಪು ಮರೆಯಾಗುವವರೆಗೂ ತಡೆದುಕೊಂಡೆ. ಆಮೇಲೆ ಬಾಯಿಗೆ ಬಂದ ಹಾಗೆ ಬೈದೆ. "ಕಣ್ಣಿಲ್ಲದ, ಹಲ್ಲಿಲ್ಲದ ಒಂದಕ್ಕೋಸ್ಕರ ಹತ್ತರ ಬಾಯಿಗೆ ಮಣ್ಣು ಹಾಕಿದ್ರಲ್ಲ! ಆ ಹತ್ತರ ಕಿವೀಲೂ ಇದೇ ಮಾತು ಹೇಳಿದ್ರಿ ತಾನೇ ಭಾವ? ಅವಕ್ಕೆ ಕೊಟ್ಟ ಮಾತು ಮಾತಲ್ವಾ?"

ಅವರು ಬಿಲ್ಲೆ ನೆನೆಸಲು ಒಳಗೆ ಹೋದರು. ನಾನು ಇವತ್ತೂ ಅದೇ ಪ್ರಶ್ನೆ ಕೇಳುತ್ತೇನೆ. ಅವರು ಮಾಡಿದ್ದು ಸರಿ ಎಂದು ಯಾರಾದರೂ ನನಗೆ ಹೇಳಿಕೊಡಲು ಬಂದರೆ, ಆ ಚಳಿಗಾಲದಲ್ಲಿ ನನ್ನ ಜೊತೆ ಒಂದು ವಾರ ಇದ್ದು ಆಮೇಲೆ ಹೇಳಲಿ.

ಕೊನೆಯ ಬಿರುಗಾಳಿ ವಸಂತದ ಬಾಗಿಲಲ್ಲಿ ಬಂತು. ನಿಂತಾಗ ಹೋಗಿ ನೋಡಿದರೆ ಏಳು ಕುದುರೆ ತಗ್ಗಿನಲ್ಲಿ ಬಿದ್ದಿದ್ದವು. ಅವುಗಳಲ್ಲಿ ಬೂದನೂ ಒಂದು. ಬೂದ ಶಾಲೆಯ ಹಾಸ್ಟೆಲಿಗೆ ನೀರಿನ ಗಾಡಿ ಎಳೆದೂ ಎಳೆದೂ ಬೆನ್ನು ಹೋದ ಬಡಪಾಯಿ. ಜನ್ಮದಲ್ಲಿ ಒಂದು ದಿನವೂ ಪಂದ್ಯಕ್ಕೆ ಓಡಿದ್ದಿಲ್ಲ. ನನ್ನ ಕುರಿಗಳಲ್ಲಿ ಮೂರರಲ್ಲೊಂದು ಪಾಲು ಮಾತ್ರ ಉಳಿದಿತ್ತು. ಭಾವನ ಎಡಗೈಯ ಎರಡು ಬೆರಳು ಹಿಮಕ್ಕೆ ಕರ್ರಗಾಗಿ ಹೋದವು. ಉಳಿದ ನಾಲ್ಕರಲ್ಲಿ ಕೆಂದನೂ ಒಂದು. ಭಾವ ಬಿರುಗಾಳಿಯಲ್ಲಿ ಅದನ್ನು ತಮ್ಮ ಗುಡಾರದೊಳಗೇ ಎಳೆದುಕೊಂಡು, ಒಲೆಯ ಪಕ್ಕ ನಿಲ್ಲಿಸಿಕೊಂಡಿದ್ದರು. ನಾನು ಅದರ ಮುಖ ನೋಡಿ "ಎಲ್ಲರನ್ನೂ ತಿಂದು ನಿಂತ್ಯಲ್ಲೋ" ಎಂದು ಅತ್ತೆ. ಭಾವ ಅಳಲಿಲ್ಲ, ಏಳಕ್ಕೂ ಒಂದೊಂದಾಗಿ ಪಟ್ಟಿ ಬಿಚ್ಚಿ ಮಡಿಸಿಟ್ಟರು.

ಹಿಮ ಕರಗಿದ ಮೇಲೆ ಒಂದು ದಿನ ಶಗ್ದರನ ಆಳು ಮೋಟಾರ್ ಸೈಕಲ್ಲಿನಲ್ಲಿ ತಗ್ಗಿನ ಕಡೆ ಹೋಗಿ ಬಂದದ್ದು ಕಂಡಿತು. ಹೋಗಿ ನೋಡಿದೆ. ಬೂದನ ಮೈ ಇತ್ತು, ತಲೆ ಇರಲಿಲ್ಲ. ಶಗ್ದರನ ಹೆಂಡತಿ ಅದನ್ನು ದೊಡ್ಡ ಕಡಾಯಿಯಲ್ಲಿ ಕುದಿಸಿ ಬೆಳ್ಳಗೆ ಮಾಡಿದಳಂತೆ. ಬದುಕಿರುವಾಗ ಬಣ್ಣವೇ ಕುದುರೆಯ ಹೆಸರು. ಬುರುಡೆಗೆ ಬಣ್ಣ ಎಲ್ಲಿಂದ ಬರಬೇಕು? ಶಗ್ದರ್ ಅದನ್ನೇ ಕೆಂದ ಎಂದ, ಕಣಿವೆ ಹೂಂ ಎಂದಿತು.

ಬೇಸಿಗೆಯ ಪೂಜೆಯ ದಿನ ಭಾವನೊಬ್ಬರನ್ನು ಬಿಟ್ಟು ಗಂಡಸರೆಲ್ಲ ಗುಡ್ಡ ಹತ್ತಿದರು. ಹೆಂಗಸರು ಮೇಲೆ ಹೋಗುವಂತಿಲ್ಲ, ನಾವು ಬುಡದಲ್ಲಿ ಕುಳಿತು ನೋಡುವವರು. ಚಿಕ್ಕ ಗುಡ್ಡ, ಎಲ್ಲ ಕಾಣುತ್ತದೆ, ಕೇಳುತ್ತದೆ. ಕಲ್ಲುಗುಪ್ಪೆಯ ತುದಿಯಲ್ಲಿ, ಹೊಸ ರೇಷ್ಮೆ ಸುತ್ತಿಸಿಕೊಂಡು, ನೀರು ಎಳೆದ ಬೂದನ ತಲೆ ಸೂರ್ಯನ ಕಡೆ ಮುಖ ಮಾಡಿ ಕುಳಿತಿತ್ತು. ಶಗ್ದರ್ ಕೆಂದನ ಗುಣಗಾನ ಮಾಡಿ ಕಣ್ಣೊರೆಸಿಕೊಂಡ. ಹಾಲು ಚಿಮುಕಿಸಿದರು, ಕರಿದ ಬಿಲ್ಲೆಗಳನ್ನು ಗೋಪುರದ ಹಾಗೆ ಜೋಡಿಸಿದರು.

ಕೆಂದ ಗುಡ್ಡದ ಬುಡದಲ್ಲೇ ಮೇಯುತ್ತಿತ್ತು. ಗಾಳಿಯಲ್ಲಿ ಬಿಲ್ಲೆಯ ವಾಸನೆ ಬಂದಿರಬೇಕು. ಮೂಗು ಎತ್ತಿ, ಕಲ್ಲು ಎಡವುತ್ತಾ ಮೇಲೆ ಹತ್ತಲು ಶುರುಮಾಡಿತು. ಕೂಗಿ ಕರೆದೆ, ನನ್ನ ಮಾತು ಅದು ಯಾವತ್ತು ಕೇಳಿತ್ತು? ನೇರವಾಗಿ ಹೋಗಿ ನೈವೇದ್ಯಕ್ಕೆ ಬಾಯಿ ಹಾಕಿತು.

"ಯಾರದ್ರೋ ಇದು, ಮುದಿ ಪೀಡೆ!" ಎಂದು ಮೊದಲು ಕೂಗಿದವನು ಶಗ್ದರ್. "ಓಡಿಸ್ರೋ! ಪೂಜೆ ಹಾಳು ಮಾಡ್ತಿದೆ!"

ಕಲ್ಲುಗುಪ್ಪೆಯಿಂದಲೇ ಕಲ್ಲು ತೆಗೆದು ಹೊಡೆದರು. ಇದೇ ಕೆಂದನ ಬೆವರನ್ನು ಹಣೆಗೆ ಹಚ್ಚಿಕೊಂಡವರು. ಬಿಳಿಯ ಹಿಂಗಾಲು ಅವರಿಗೆ ಕಾಣಲಿಲ್ಲವೇ? ಒಂದಿಬ್ಬರು ಮುದುಕರು ನೋಡಿ ತಲೆ ತಗ್ಗಿಸಿದ್ದನ್ನು ನಾನೇ ಕಂಡೆ. ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಭಾವ ಏದುಸಿರು ಬಿಡುತ್ತಾ ಹತ್ತಿ ಹೋಗಿ, ಅದಕ್ಕೆ ಅಡ್ಡ ನಿಂತು, "ಹಬ್ಬದ ದಿನ, ಅವನೂ ಬಂದ. ಕ್ಷಮಿಸಿ" ಎಂದು ಎಲ್ಲರಿಗೂ ತಲೆ ಬಾಗಿಸಿ, ಜೂಲು ಹಿಡಿದು ಇಳಿಸಿಕೊಂಡು ಬಂದರು.

ಮಧ್ಯಾಹ್ನದ ಪಂದ್ಯದಲ್ಲಿ ಶಗ್ದರನ ಕುದುರೆಯೇ ಗೆದ್ದಿತು. ಅದರ ಬೆವರಿಗೆ ಜನ ಮುಗಿಬಿದ್ದ ಗದ್ದಲ ನಮ್ಮ ಗುಡಾರದವರೆಗೂ ಕೇಳಿತು. ಕೆಂದನ ತಲೆಯ ಮಹಿಮೆ ಎಂದು ಮಾತಾಡಿಕೊಂಡರು. ನಾನು ಕೆಂದನ ಹುಬ್ಬಿನ ಮೇಲಿನ ರಕ್ತ ಒರೆಸುತ್ತಿದ್ದೆ.

"ಒಂದು ಮಾತು ಹೇಳಬಾರದಿತ್ತಾ ಭಾವ, ನೀವು ಕೈ ಮುಗೀತಿರೋ ಕೆಂದ ಇದೇ ಅಂತ? ಆ ಶಗ್ದರನ ಮಾನ ಅಲ್ಲೇ ಹರಾಜಾಗ್ತಿತ್ತು."

ಭಾವ ಎಡಗೈಯಲ್ಲಿ ಉಳಿದ ಮೂರು ಬೆರಳಿನಲ್ಲಿ ಬಿಲ್ಲೆ ಹಿಡಿದು ಚಹಾದಲ್ಲಿ ಅದ್ದುತ್ತಿದ್ದರು. ತಲೆ ಎತ್ತಲಿಲ್ಲ.

"ಹೇಳಿದ್ರೆ ಮತ್ತೆ ತಲೆ ಬೇಕು ಅಂತ ಬರ್ತಿದ್ದ. ಈಗ ಅವನಿಗೆ ತಲೆ ಸಿಕ್ತು, ಇದರ ತಂಟೆಗೆ ಬರಲ್ಲ. ಎಲ್ಲರೂ ಸತ್ತಿದೆ ಅಂದ್ಕೊಂಡಿರ್ಲಿ ಬಿಡು ದುಲ್ಮಾ. ಇವರ ಲೆಕ್ಕದಲ್ಲಿ ಸತ್ತಿದ್ರೇನೇ ಇದು ಬದುಕೋದು."