ಮೊದಲು ನೀರು, ಆಮೇಲೆ ಎಣ್ಣೆ

ನನ್ನ ಮಗಳ ತಲೆಕೂದಲನ್ನು ಮುಟ್ಟಬಾರದು ಎಂದು ಸುಮಾರು ಎರಡು ವರ್ಷ ನನಗೆ ನಿಷೇಧವಿತ್ತು. ಯಾವ ಕೋರ್ಟೂ ಹೇಳಿದ್ದಲ್ಲ, ಅವಳ ಅಮ್ಮ ಹೇಳಿದ್ದು. ತಪ್ಪು ನನ್ನದೇ ಆಗಿದ್ದರಿಂದ ಒಪ್ಪಿಕೊಂಡೆ.

ಅವಳ ಅಮ್ಮ ಜಮೈಕಾದವಳು, ಆಸ್ಪತ್ರೆಯಲ್ಲಿ ನರ್ಸು. ನಾನು ಮೈಸೂರಿನವನು. ವಾನ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಮುಂದಕ್ಕೆ ಕಳಿಸುವುದು, ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೆಂಪು ಬುಟ್ಟಿಗೆ ಹಾಕುವುದು ನನ್ನ ಕೆಲಸ. ನಮ್ಮ ಮದುವೆ ಏಳು ವರ್ಷ ನಡೆಯಿತು. ಆಮೇಲೆ ಯಾರದೂ ದೊಡ್ಡ ತಪ್ಪಿಲ್ಲದೆ ಮುಗಿಯಿತು. ಹೊಡೆತ, ಬಡಿತ, ಕುಡಿತ ಯಾವುದೂ ಇಲ್ಲದೆ ಸಂಸಾರ ಮುಗಿಯುತ್ತದೆ ಎಂದರೆ ಊರಿನಲ್ಲಿ ನಂಬುವವರಿಲ್ಲ, ಆದ್ದರಿಂದ ನಾನು ವಿವರಿಸುವುದನ್ನೇ ಬಿಟ್ಟೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಗಳು ವಾರವೆಲ್ಲ ಅಮ್ಮನ ಜೊತೆ ಬ್ರಾಂಪ್ಟನ್‌ನಲ್ಲಿ, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಸ್ಟ್ರೀಟ್ಸ್‌ವಿಲ್‌ನ ನನ್ನ ಬೇಸ್‌ಮೆಂಟಿನಲ್ಲಿ ಇರುವುದೆಂದು ಗೊತ್ತಾಗಿತ್ತು.

ಅವಳಿಗೆ ಆಗ ಆರು ವರ್ಷ. ಬರುವಾಗ ತಲೆ ತುಂಬ ಸಣ್ಣ ಸಣ್ಣ ಜಡೆಗಳು, ಪ್ರತಿ ಜಡೆಯ ತುದಿಗೂ ಬಣ್ಣದ ಮಣಿ. ಓಡಿದರೆ ಮಣಿಗಳು ಟಕಟಕ ಎನ್ನುತ್ತಿದ್ದವು. ಭಾನುವಾರ ಅವಳನ್ನು ಬಿಟ್ಟುಬಂದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಕಿವಿಯಲ್ಲಿರುತ್ತಿತ್ತು. ಆಮೇಲೆ ಐದು ದಿನ ಮನೆ ಬೆಚ್ಚಗಿಡುವ ಫರ್ನೇಸಿನ ಸದ್ದು ಮಾತ್ರ.

ತಪ್ಪು ನಡೆದದ್ದು ದೀಪಾವಳಿಯಲ್ಲಿ. ಹಬ್ಬದ ಹಿಂದಿನ ಶನಿವಾರ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿ ಊಟ ಇಟ್ಟುಕೊಂಡಿದ್ದರು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನ ಒಬ್ಬ ಹೆಂಗಸು ಪಾಯಸ ಬಡಿಸುತ್ತ ಬಂದವರು ಮಗುವಿನ ಜಡೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಎಷ್ಟು ಒಣಗಿದೆ ಪಾಪ. ಹಬ್ಬಕ್ಕಾದ್ರೂ ತಲೆಗೆ ಎಣ್ಣೆ ಹಚ್ಚಿ ನೀರು ಹಾಕ್ಬಾರ್ದಾ?" ಎಂದರು. ಮಾತು ಒಳ್ಳೆಯ ಮನಸ್ಸಿನದೇ. ಆದರೆ 'ಪಾಪ' ಎಂದದ್ದು ನನಗೆ ಚುಚ್ಚಿತು. ತಾಯಿ ದೂರವಿರುವ ಮಗು, ತಂದೆಗೆ ಗಮನವಿಲ್ಲ ಎಂದು ಅಷ್ಟು ಜನರ ನಡುವೆ ಹೇಳಿದಂತಾಯಿತು. ಪಾಯಸ ಅರ್ಧಕ್ಕೇ ಬಿಟ್ಟೆ.

ಮರುವಾರ ಹಬ್ಬ. ಶನಿವಾರ ಬೆಳಿಗ್ಗೆ ಅವಳನ್ನು ಟೀವಿಯ ಮುಂದೆ ಕೂರಿಸಿ ಜಡೆಗಳನ್ನು ಬಿಚ್ಚತೊಡಗಿದೆ. ಎಣ್ಣೆ ಸ್ನಾನಕ್ಕೆ ಕೂದಲು ಬಿಚ್ಚಿರಬೇಕು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಲವತ್ತೆರಡು ಜಡೆ. ಮಣಿಗಳನ್ನೆಲ್ಲ ಒಂದು ಸ್ಟೀಲು ಡಬ್ಬಿಗೆ ಹಾಕಿದೆ. ಆ ಜಡೆಗಳನ್ನು ಹೆಣೆಯಲು ಅವಳ ಅಮ್ಮ ತನ್ನ ರಜೆಯ ಒಂದು ಇಡೀ ದಿನ ಕೂತಿದ್ದಳು ಎಂಬುದು ನನ್ನ ತಲೆಗೇ ಬರಲಿಲ್ಲ. ಬಿಸಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಹಣೆಗೆ ಕುಂಕುಮ ಇಟ್ಟು ಆರತಿ ಎತ್ತಿದೆ. ನನ್ನ ಅಮ್ಮ ಊರಿಂದ ಕಳಿಸಿದ್ದ ಸೀಗೆಪುಡಿಯನ್ನು ಕಲಸಿ ತಿಕ್ಕಿ, ಚೊಂಬಿನಲ್ಲಿ ನೀರು ಹೊಯ್ದೆ. ಮಗು ಕಿಲಕಿಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ಆ ಊರಿಗೆ ಬಂದ ಮೇಲೆ ಅಷ್ಟು ಸಂತೋಷದ ಬೆಳಗು ನನಗೆ ಇನ್ನೊಂದು ನೆನಪಿಲ್ಲ.

ಒರೆಸಿ ಅರ್ಧ ಗಂಟೆಯಾಗುವುದರೊಳಗೆ ಕೂದಲು ಮೇಲೆದ್ದು, ಒಂದಕ್ಕೊಂದು ತೊಡರಿಕೊಂಡು, ಕೈ ತೂರಿಸಲಾಗದಷ್ಟು ಗಟ್ಟಿಯಾಯಿತು. ಸೀಗೆಪುಡಿ ಸುರುಳಿ ಸುರುಳಿಯೊಳಗೂ ಸೇರಿಕೊಂಡಿತ್ತು, ಎಷ್ಟು ತೊಳೆದರೂ ಕಂದು ಬಣ್ಣದ ತರಿ ಹೋಗಲಿಲ್ಲ. ನಾನು ನನ್ನ ಬಾಚಣಿಗೆ ತೆಗೆದುಕೊಂಡು, ನಮ್ಮ ಮನೆಯಲ್ಲಿ ಬಾಚುತ್ತಿದ್ದಂತೆ ನೆತ್ತಿಯಿಂದ ಕೆಳಕ್ಕೆ ಎಳೆದೆ. ಬಾಚಣಿಗೆಯ ಎರಡು ಹಲ್ಲು ಮುರಿದವು. ಕೂದಲು ಉಂಡೆ ಉಂಡೆಯಾಗಿ ಕೈಗೆ ಬಂತು. "ಅಪ್ಪಾ, ಇಟ್ ಹರ್ಟ್ಸ್" ಎಂದು ಅವಳು ಮೊದಲು ಮೆಲ್ಲಗೆ ಹೇಳಿದಳು, ಆಮೇಲೆ ಅತ್ತಳು. ನನಗೆ ಒಂದೇ ಒಂದು ಜಡೆಯನ್ನೂ ವಾಪಸು ಹೆಣೆಯಲು ಬರಲಿಲ್ಲ.

ಭಾನುವಾರ ಅವಳ ತಲೆಗೆ ಉಲನ್ ಟೋಪಿ ಹಾಕಿ ಕರೆದುಕೊಂಡು ಹೋದೆ. ನಾವು ಮಗುವನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದದ್ದು ಒಂದು ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ. ಅವಳ ಅಮ್ಮ ಟೋಪಿ ತೆಗೆದು ನೋಡಿದಳು. ಕೂಗಾಡುತ್ತಾಳೆಂದುಕೊಂಡಿದ್ದೆ, ಕೂಗಾಡಲಿಲ್ಲ. ಸಿಕ್ಕಿನೊಳಗಿಂದ ಬಾಚಣಿಗೆಯ ಮುರಿದ ಹಲ್ಲೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆ ಸಂಜೆ ಫೋನಿನಲ್ಲಿ ಹೇಳಿದಳು: ಮಗುವನ್ನು ಕರೆದುಕೊಂಡು ಹೋಗು, ಊಟ ಹಾಕು, ಆಡಿಸು, ತಲೆಯನ್ನು ಮಾತ್ರ ನನಗೆ ಬಿಡು. ಆಯಿತು ಎಂದೆ. ಮುಂದಿನ ಶುಕ್ರವಾರ ಮಗಳು ಕುತ್ತಿಗೆಯವರೆಗೆ ಕತ್ತರಿಸಿದ ಕೂದಲಿನಲ್ಲಿ ಬಂದಳು. ಮಣಿಗಳ ಸದ್ದಿರಲಿಲ್ಲ.

ಅಲ್ಲಿಂದ ಕನ್ನಡದವರ ಊಟಗಳಿಗೆ ಹೋಗುವುದನ್ನು ಬಿಟ್ಟೆ. ಅವರ ತಪ್ಪೇನಿಲ್ಲ, ನನ್ನ ಸ್ವಭಾವವೇ ಹಾಗೆ, ನಾಚಿಕೆಯಾದರೆ ಸಿಟ್ಟು ಬರುತ್ತದೆ. ನನ್ನ ಅಮ್ಮ ಊರಿಂದ ಫೋನಿನಲ್ಲಿ "ಮಗೂಗೆ ಎಣ್ಣೆ ನೀರು ಹಾಕಿದ್ಯೇನಪ್ಪಾ?" ಎಂದು ಕೇಳಿದರೆ ಹೂಂ ಎನ್ನುತ್ತಿದ್ದೆ. ಮಗಳು ಮಲಗಿದಾಗ ತಲೆ ಸವರಲು ಹೋದ ಕೈಯನ್ನು ಎಷ್ಟೋ ಸಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಘಾನಾ ದೇಶದ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾಲ್ಕು ಹೆಣ್ಣುಮಕ್ಕಳ ತಾಯಿ. ಅಲ್ಲಿಯವರೆಗೆ ನಾವು ಹವಾಮಾನದ ಹೊರತು ಬೇರೇನೂ ಮಾತಾಡಿರಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ, ಮುರಿದ ಕೂದಲು ಮತ್ತೆ ಬೆಳೆಯಲು ಎಷ್ಟು ದಿನ ಬೇಕು ಎಂದು ಅವರನ್ನು ಕೇಳಿದೆ. ಅವರು ಚಮಚ ಕೆಳಗಿಟ್ಟು, ಏನು ಮಾಡಿದೆ ಮೊದಲು ಹೇಳು ಎಂದರು. ಎಲ್ಲ ಹೇಳಿದೆ. ಎಣ್ಣೆ ಹಚ್ಚಿ, ಪುಡಿ ತಿಕ್ಕಿ, ಆಮೇಲೆ ನೀರು ಹಾಕಿದೆ ಎಂದದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದ ಮಾತು ಇದು: "ಈ ಕೂದಲಿಗೆ ಬಾಯಾರಿಕೆ ಜಾಸ್ತಿ. ಮೊದಲು ನೀರು ಕುಡಿಸಬೇಕು, ಆಮೇಲೆ ಎಣ್ಣೆ ಹಚ್ಚಿ ಬಾಗಿಲು ಹಾಕಬೇಕು. ನೀನು ಬಾಗಿಲು ಹಾಕಿಬಿಟ್ಟು ನೀರು ಕೊಟ್ಟೆ."

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮೊದಲು ಎಣ್ಣೆ, ಆಮೇಲೆ ನೀರು. ಅದು ತಿರುಗುಮುರುಗಾಗಬಹುದು ಎಂದು ಯಾರಾದರೂ ಹೇಳಿದ್ದರೆ ಹಿಂದೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡೆ. ಒಣ ಕೂದಲಿಗೆ ಬಾಚಣಿಗೆ ತಾಗಿಸಬಾರದು. ತಲೆಯನ್ನು ನಾಲ್ಕು ಪಾಲು ಮಾಡಿಕೊಳ್ಳಬೇಕು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಬುಡಕ್ಕೆ ಹೋಗಬೇಕು. ಮಲಗುವಾಗ ಸ್ಯಾಟಿನ್ ಟೋಪಿ. ಅವರು ತಮ್ಮ ಊರಿನ ಶಿಯಾ ಎಂಬ ಮರದ ಬೀಜದ ಬೆಣ್ಣೆಯನ್ನೂ ಒಂದು ಡಬ್ಬಿಯಲ್ಲಿ ತಂದುಕೊಟ್ಟರು. ನೋಡಲು ಚಳಿಗೆ ಹೆಪ್ಪುಗಟ್ಟಿದ ತುಪ್ಪದ ಹಾಗೆಯೇ ಇತ್ತು.

ಬರೆದುಕೊಂಡರೆ ಕೈಗೆ ಬರುತ್ತದೆಯೇ? ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ಹೆಣಿಗೆ ಸಾಮಾನಿನ ಅಂಗಡಿಯೊಂದಿತ್ತು. ಅಲ್ಲಿಂದ ಕಪ್ಪು ಉಲನ್ ತಂದು, ಸೋಫಾದ ಒಂದು ದಿಂಬಿಗೆ ಸಾಲಾಗಿ ಹೊಲಿದೆ. ಕೆಲಸದಿಂದ ಬಂದು, ಊಟ ಮಾಡಿ, ದಿಂಬನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಬೈತಲೆ ತೆಗೆಯುವುದು, ಎರಡೆಳೆ ತಿರುಚುವುದು, ಬಿಚ್ಚುವುದು, ಮತ್ತೆ ತಿರುಚುವುದು. ಮೇಲಿನ ಮನೆಯ ಪಂಜಾಬಿ ಆಂಟಿ ಬಟ್ಟೆ ಒಗೆಯುವ ಮೆಷಿನ್ನಿಗಾಗಿ ಕೆಳಗೆ ಬಂದವರು, ನಲವತ್ತರ ಗಂಡಸೊಬ್ಬ ದಿಂಬಿಗೆ ತಲೆ ಬಾಚುವುದನ್ನು ನೋಡಿ ಒಂದು ಕ್ಷಣ ನಿಂತರು. "ಸಬ್ ಠೀಕ್ ಹೈ, ಬೇಟಾ?" ಎಂದರು. ಠೀಕ್ ಹೈ ಎಂದೆ. ಆವತ್ತು ರಾಜ್ಮಾ ಕಳಿಸಿದರು. ಅವರು ಏನು ತಿಳಿದುಕೊಂಡರೋ ನನಗೆ ಗೊತ್ತಾಯಿತು. ಅವರು ತಿಳಿದುಕೊಂಡದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಶುಕ್ರವಾರದವರೆಗೆ ನಾನು ಮುಟ್ಟುತ್ತಿದ್ದದ್ದು ಲೋಹ ಮತ್ತು ಆ ದಿಂಬು, ಎರಡೇ.

ಮಗಳಿಗೆ ಎಂಟು ತುಂಬಿದ ಮೇಲೆ ಅವಳ ಅಮ್ಮನನ್ನು ಕೇಳಿದೆ: ಕಲಿತಿದ್ದೇನೆ, ಒಂದು ಸಲ ನೋಡು. ಅವಳು ತಕ್ಷಣ ಒಪ್ಪಲಿಲ್ಲ. ಎರಡು ವಾರ ಬಿಟ್ಟು, ನಮ್ಮ ಮನೆಗೆ ಬಂದು ನನ್ನ ಕಣ್ಣೆದುರಿಗೆ ಮಾಡು ಎಂದಳು. ಅವಳ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತೆ, ಮಗಳು ನನ್ನ ಮುಂದೆ ನೆಲದ ಮೇಲೆ. ಆಸ್ಪತ್ರೆಯ ಕೆಲಸ ಮುಗಿಸಿ ಬಂದಿದ್ದ ಅವಳ ಅಮ್ಮ ಟೀ ಹಿಡಿದು ಎದುರಿಗೆ ಕೂತಳು. ನೀರು ಚಿಮುಕಿಸಿದೆ, ಕಂಡೀಶನರ್ ಹಚ್ಚಿದೆ, ತುದಿಯಿಂದ ಸಿಕ್ಕು ಬಿಡಿಸಿದೆ, ಎಣ್ಣೆ ಸವರಿದೆ, ಬೈತಲೆ ತೆಗೆದೆ, ತಿರುಚಿದೆ. ಮಗಳು ಒಮ್ಮೆಯೂ ಹಾ ಎನ್ನಲಿಲ್ಲ. ಎರಡು ಗಂಟೆಯಾದ ಮೇಲೆ ಅಮ್ಮ ಎದ್ದು ಬಂದು, ಮಗಳ ತಲೆ ಬಗ್ಗಿಸಿ, ಹಿಂಭಾಗವನ್ನು ಬಹಳ ಹೊತ್ತು ನೋಡಿದಳು.

"ಹಿಂದೆ ಸರಿಯಾಗಿದೆ" ಎಂದಳು. ಇನ್ನು ಶನಿವಾರದ ತಲೆ ನಿನ್ನದು ಎಂದೂ ಸೇರಿಸಿದಳು.

ಹೊರಡುವ ಮೊದಲು ಮಗಳ ತಲೆಯ ಹಿಂಭಾಗದ ಒಂದು ಫೋಟೋ ತೆಗೆದುಕೊಂಡೆ. ರೀಲು ತೊಳೆಸಿ ಬಂದ ಮೇಲೆ ಜಂಬದಿಂದ ಕಾರ್ಖಾನೆಗೆ ಒಯ್ದೆ. ಪಕ್ಕದ ಮೇಜಿನವರು ಕನ್ನಡಕ ಏರಿಸಿ ನೋಡಿ, ನನ್ನ ಕಿಸೆಯಲ್ಲಿದ್ದ ಉಕ್ಕಿನ ಸ್ಕೇಲು ತೆಗೆದು ಫೋಟೋದ ಮೇಲಿಟ್ಟರು. ನಡು ಬೈತಲೆ ಕೆಳಗೆ ಬರುಬರುತ್ತ ಹಾವು ಹೋದ ಹಾಗೆ ಎಡಕ್ಕೆ ಹೋಗಿತ್ತು. ಇದು ಯಾರ ಕಣ್ಣಿಗೂ ತಪ್ಪುವಂಥ ಸೊಟ್ಟ ಅಲ್ಲ. ಮಗಳ ಅಮ್ಮ ಅಷ್ಟು ಹೊತ್ತು ನೋಡಿಯೂ ಸರಿಯಾಗಿದೆ ಎಂದಿದ್ದಳು. ಆ ಫೋಟೋ ಇವತ್ತಿಗೂ ನನ್ನ ಪರ್ಸಿನಲ್ಲಿದೆ.

ಆಮೇಲೆ ಐದು ವರ್ಷ ಶನಿವಾರಗಳು. ಬೆಳಿಗ್ಗೆ ಹತ್ತಕ್ಕೆ ಶುರು, ಮುಗಿಯುವಾಗ ಒಂದೂವರೆ, ಎರಡು. ಉಲನ್ ಕಿತ್ತುಹಾಕಿದ ಅದೇ ದಿಂಬಿನ ಮೇಲೆ ಅವಳು ಕೂರುತ್ತಿದ್ದಳು. ತಿರುಚಿದ ಪ್ರತಿ ಎಳೆಗೂ ಕನ್ನಡದಲ್ಲಿ ಎಣಿಸಬೇಕು ಎಂಬುದು ನನ್ನ ಷರತ್ತು. ಉಳಿದದ್ದೆಲ್ಲ ಅವಳ ಇಂಗ್ಲಿಷಿನಲ್ಲಿ: ಶಾಲೆ, ಗೆಳತಿಯರು, ಅಮ್ಮನ ಹೊಸ ಸ್ನೇಹಿತ. ಮುಖ ಆ ಕಡೆ ಇದ್ದುದರಿಂದ ಅವಳು ಎಲ್ಲವನ್ನೂ ಹೇಳುತ್ತಿದ್ದಳು, ನಾನು ಎಲ್ಲವನ್ನೂ ಕೇಳಬಹುದಿತ್ತು. ತಿಂಗಳಿಗೊಮ್ಮೆ ಒಂದು ಸುರುಳಿಯನ್ನು ಮೆಲ್ಲಗೆ ಎಳೆದು ಸ್ಕೇಲಿಟ್ಟು ನೋಡುತ್ತಿದ್ದೆ. ಕೂದಲು ಭುಜ ಮುಟ್ಟಿತು, ಭುಜ ದಾಟಿತು. ನನ್ನ ಕೊಬ್ಬರಿ ಎಣ್ಣೆಗೂ ಕೊನೆಗೆ ಒಂದು ಜಾಗ ಸಿಕ್ಕಿತ್ತು. ವಾರದ ಉಳಿದ ದಿನಗಳು ಹಾಗೆಯೇ ಇದ್ದವು, ಆದರೆ ಅವುಗಳಿಗೆ ಈಗ ಒಂದು ಕೊನೆ ಇತ್ತು.

ಅವಳಿಗೆ ಹದಿಮೂರಾದಾಗಿನ ಒಂದು ಶನಿವಾರ. ದಿಂಬು ಹಾಕಿ, ನೀರಿನ ಬಾಟಲಿ ತುಂಬಿಸಿ, ಬಾಚಣಿಗೆ ಇಟ್ಟುಕೊಂಡು ಕೂತಿದ್ದೆ. ಅವಳು ಬಂದು, ಬಾಟಲಿ, ಬಾಚಣಿಗೆ ಎರಡನ್ನೂ ತೆಗೆದುಕೊಂಡು, "ಅಪ್ಪಾ, ಇವತ್ತು ನಾನೇ ಮಾಡ್ಕೊತೀನಿ" ಎಂದಳು. ನಾನು ಬೇಜಾರು ಮಾಡಿಕೊಳ್ಳಬಾರದೆಂದೇ ಕನ್ನಡದಲ್ಲಿ ಹೇಳಿದಳು ಅಂತ ಕಾಣುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು.

ನಾನು ಸೋಫಾದ ಮೇಲೆಯೇ ಕೂತಿದ್ದೆ. ಮುಂಭಾಗ ಹೇಗೋ ಮಾಡಿಕೊಳ್ಳುತ್ತಾಳೆ, ಹಿಂಭಾಗ ಯಾರಿಗೂ ತಾವೇ ಮಾಡಿಕೊಳ್ಳಲಾಗುವುದಿಲ್ಲ, ಕರೆಯುತ್ತಾಳೆ ಎಂದುಕೊಂಡೆ. ಪೇಪರು ಹಿಡಿದಿದ್ದೆ, ಓದಲಿಲ್ಲ. ನಲ್ಲಿಯ ಸದ್ದು ಬಂತು. ಆಮೇಲೆ ಬಾಟಲಿಯ ಚಿಸ್ ಚಿಸ್. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಮೊದಲು ನೀರು, ಆಮೇಲೆ ಎಣ್ಣೆ, ಸರಿಯಾಗಿಯೇ ಮಾಡುತ್ತಿದ್ದಳು. ಮೆಲ್ಲಗೆ ಎಣಿಸುತ್ತಿದ್ದದ್ದೂ ಅಷ್ಟಿಷ್ಟು ಕೇಳಿಸಿತು, ಕನ್ನಡದಲ್ಲಿ. ಅವಳು ಕರೆಯಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಹೊರಗೆ ಬಂದಳು. ಚೆನ್ನಾಗಿ ಕಾಣುತ್ತಿದ್ದಳು. ನನ್ನ ಮುಂದೆ ಬೆನ್ನು ತಿರುಗಿಸಿ ನಿಂತು ತಲೆ ಬಗ್ಗಿಸಿದಳು.

"ಹಿಂದೆ ಓಕೇನಾ ಅಪ್ಪ?"

ನಡು ಬೈತಲೆ ನೆತ್ತಿಯಿಂದ ನಾಲ್ಕು ಬೆರಳು ನೇರವಾಗಿ ಬಂದು, ಅಲ್ಲಿಂದ ಬಲಕ್ಕೆ ಸೊಟ್ಟಗಾಗಿತ್ತು. ಸೊಟ್ಟ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ನಿಟ್ಟುಸಿರು ಬಿಟ್ಟು ದಿಂಬಿನ ಮೇಲೆ ಕೂರುತ್ತಿದ್ದಳು, ನಾನು ಹಿಂಭಾಗವನ್ನೆಲ್ಲ ಬಿಚ್ಚಿ ಮತ್ತೆ ತಿರುಚುತ್ತಿದ್ದೆ, ಇನ್ನೊಂದು ಗಂಟೆ ನನ್ನದಾಗುತ್ತಿತ್ತು. ಮುಂದಿನ ವಾರವೂ ಹಾಗೆಯೇ ಆಗಬಹುದಿತ್ತು. ದಿಂಬು ನನ್ನ ಕಾಲ ಹತ್ತಿರವೇ ಇತ್ತು. ನಾನು ಬಹಳ ಹೊತ್ತು ನೋಡಿದೆ.

"ಹಿಂದೆ ಸರಿಯಾಗಿದೆ" ಎಂದೆ.

ಅವಳು ನಕ್ಕು, ಜಾಕೆಟ್ಟು ಹಾಕಿಕೊಂಡು, ಗೆಳತಿಯ ಮನೆಗೆ ಹೋಗಿ ಐದಕ್ಕೆ ಬರುತ್ತೇನೆ ಎಂದು ಮೆಟ್ಟಿಲು ಹತ್ತಿದಳು. ನಾನು ದಿಂಬನ್ನು ಎತ್ತಿ ಸೋಫಾದ ಮೇಲೆ, ಅದರ ಮೊದಲಿನ ಜಾಗದಲ್ಲಿ ಇಟ್ಟೆ.