ಅರ್ಧ ಬೆಂದ ಅನ್ನ

ಹೋದ ತಿಂಗಳು ವಿಜಯನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪಕ್ಕದ ಹೆಂಗಸೊಬ್ಬರು ಕರ್ಚೀಫಿಗೆ ನೀಲಗಿರಿ ಎಣ್ಣೆ ಹನಿಸಿಕೊಂಡು ಮೂಗಿಗೆ ಹಿಡಿದರು. ಪಾಪ, ಅವರಿಗೆ ನೆಗಡಿ. ನಾನು ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತುಬಿಟ್ಟೆ, ಕಾರಣವಿಲ್ಲದೆ ಬೆವರುತ್ತ. ಬಿ.ಪಿ. ಮಾತ್ರೆ ನುಂಗುವ ವಯಸ್ಸು. ಹಾರ್ಟ್ ಇರಬಹುದೇ ಎಂದು ಎಡತೋಳು ಒತ್ತಿ ನೋಡಿಕೊಂಡೆ. ಹಾರ್ಟ್ ಅಲ್ಲ. ನೆನಪಿಗೆ ಬಂದಿದ್ದು ಒಂದನೇ ಕ್ಲಾಸಿನ ಮಿಸ್ಸು.

ಅವರಿಗೆ ವರ್ಷವಿಡೀ ನೆಗಡಿ. ರಾಜಾಜಿನಗರದ ಆ ಪುಟ್ಟ ಶಾಲೆಯಲ್ಲಿ ಒಂದು, ಎರಡು ಎರಡೂ ಕ್ಲಾಸಿಗೆ ಅವರೇ. ಅವರು ಬರುವ ಮೊದಲೇ ಆ ವಾಸನೆ ಬರುತ್ತಿತ್ತು, ನಾವು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ಅಂತಾರೆ. ಹುಡುಕಿ ನೋಡಿದೆ... ಅವರ ಅಕ್ಷರ ಚೆನ್ನಾಗಿತ್ತು.

ನಾನು ಶಾಲೆಗೆ ಸೇರಿದ್ದು ಎಂಬತ್ತರ ದಶಕದ ನಡುವೆ. ನಾನು ಹುಟ್ಟಿದ್ದು ಮೇ ತಿಂಗಳಲ್ಲಿ. ಹುಟ್ಟಬೇಕಾಗಿದ್ದುದು ಜುಲೈ ಕೊನೆಗೆ. ಅಮ್ಮನ ಹೊಟ್ಟೆಯಲ್ಲಿ ಇನ್ನೊಂದಿಷ್ಟು ದಿನ ತೆಪ್ಪಗೆ ಕೂತಿದ್ದರೆ, ಜೂನ್‌ನಲ್ಲಿ ಶುರುವಾಗುವ ಶಾಲೆಗೆ ಒಂದು ವರ್ಷ ತಡವಾಗಿ ಸೇರುತ್ತಿದ್ದೆ. ಅವಸರ ಮಾಡಿಕೊಂಡು ಬಂದೆ. ಇವತ್ತಿಗೂ ರೈಲಿಗೆ ಗಂಟೆಗಟ್ಟಲೆ ಮುಂಚೆ ಹೋಗಿ ಪ್ಲಾಟ್‌ಫಾರಂನಲ್ಲಿ ಬೆವರುವವನು ನಾನು. ತಾರೀಖಿನ ಪ್ರಕಾರ ನನಗೆ ಶಾಲೆಯ ವಯಸ್ಸಾಗಿತ್ತು. ಮಗ ಒಂದು ವರ್ಷ ಮುಂದಿದ್ದಾನೆ ಎಂದು ಅಪ್ಪನಿಗೆ ಹೆಮ್ಮೆ.

ಆಗ ಶಾಲೆಗೆ ಸೇರಿಸುವಾಗ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಮಗುವಿಗೆ ವಯಸ್ಸಾಗಿದೆ ಅಂತ. ನನ್ನ ಬೆರಳು ನೆತ್ತಿ ದಾಟಿ ಅಲ್ಲೇ ತಡವರಿಸಿತು.

"ತಾರೀಖಿಗೆ ವಯಸ್ಸಾಗಿದೆ, ಕೈಗೆ ಆಗಿಲ್ವಲ್ಲಮ್ಮಾ" ಎಂದರು ಮಿಸ್.

ಅಮ್ಮ ಅಲ್ಲೇ ಎಡವಟ್ಟು ಮಾಡಿದಳು. ಕನಿಕರ ಹುಟ್ಟಲಿ ಎಂದು ದನಿ ತಗ್ಗಿಸಿ, "ಏಳ್ ತಿಂಗಳಿಗೇ ಹುಟ್ಬಿಟ್ಟ ಮಿಸ್, ಹತ್ತೀಲಿ ಸುತ್ತಿ ಸಾಕಿದೀವಿ, ಸ್ವಲ್ಪ ನೋಡ್ಕೊಳಿ" ಅಂದುಬಿಟ್ಟಳು.

ನೋಡಿಕೊಂಡರು. ಬೋರ್ಡಿನ ಮೇಲಿನ ಸಾಲನ್ನು ಸ್ಲೇಟಿಗೆ ಇಳಿಸುವುದೆಂದರೆ ನನಗೆ ದೊಡ್ಡ ಪ್ರಯಾಣ. ಒಂದು ಅಕ್ಷರ ನೋಡಿ, ತಲೆ ಬಗ್ಗಿಸಿ, ಅದನ್ನು ಬರೆಯುವಷ್ಟರಲ್ಲಿ ಮುಂದಿನದು ಮರೆತಿರುತ್ತಿತ್ತು. ಬಳಪ ಬೆರಳಿನಲ್ಲಿ ನಿಲ್ಲುತ್ತಿರಲಿಲ್ಲ. ಮತ್ತೆ ತಲೆಯೆತ್ತಿದರೆ ಮಿಸ್ ಬೋರ್ಡ್ ಒರೆಸುತ್ತಿದ್ದರು, ನನ್ನನ್ನೇ ನೋಡುತ್ತ. ಕಳೆಯುವ ಲೆಕ್ಕ ತಪ್ಪಿದಾಗಲೆಲ್ಲ ಎದುರಿಗೆ ಕರೆದು, "ಎಲ್ಲಿ, ಕಿವಿ ಮುಟ್ಟು ನೋಡೋಣ, ವಯಸ್ಸಾಯ್ತಾ?" ಅನ್ನುತ್ತಿದ್ದರು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ಏನು ಮಾಡಲಿ?

ಎರಡನೇ ಕ್ಲಾಸಿನ ಕೊನೆಗೆ ಅಮ್ಮನನ್ನು ಕರೆಸಿದರು. ಬಾಗಿಲಲ್ಲಿ ನಿಲ್ಲಿಸಿಕೊಂಡು, ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಉಳಿದ ತಾಯಂದಿರಿಗೂ ಕೇಳುವ ಹಾಗೆ ಹೇಳಿದರು:

"ನಿಮ್ ಹುಡುಗ ಅರ್ಧ ಬೆಂದಿರೋ ಅನ್ನ ಕಣಮ್ಮ. ಏಳ್ ತಿಂಗಳಿಗೇ ಇಳಿಸ್ಬಿಟ್ಟಿದೀರ, ಇನ್ನೊಂದ್ ವರ್ಷ ಇದೇ ಒಲೆ ಮೇಲೆ ಇರ್ಲಿ."

ಅಮ್ಮ ಸೆರಗು ಹೊದ್ದುಕೊಂಡು ನನ್ನ ಕೈ ಹಿಡಿದು ಹೊರಟಳು. ಮಾರನೇ ದಿನದಿಂದ ನನ್ನ ಹೆಸರು ಅಕ್ಕಿ. "ಲೋ ಅಕ್ಕಿ, ಇವತ್ತಾದ್ರೂ ಬೆಂದ್ಯೇನೋ?"

ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದರು. ವಿಷಯ ಕೇಳಿದವರೇ ಕೆಲಸದ ಬಟ್ಟೆಯಲ್ಲೇ ಶಾಲೆಗೆ ಬಂದರು. ಹೆಡ್‌ಮಿಸ್ ಎದುರಿಗೆ ನಿಂತು, "ನನ್ ಮಗ ಏನ್ ಅನ್ನಾನಾ ಮೇಡಂ? ಮೂರನೇ ಕ್ಲಾಸಿಗೆ ಹಾಕಿ. ಓದ್ಸೋದು ನನ್ ತಲೆನೋವು" ಎಂದರು. ಮಿಸ್ ಕರ್ಚೀಫನ್ನು ಮೂಗಿಗೆ ಒತ್ತಿ ಕಿಟಕಿಯ ಕಡೆ ನೋಡುತ್ತಿದ್ದರು. ಹೆಡ್‌ಮಿಸ್ ಒಪ್ಪಿದರು. ನಾನು ಪಾಸಾಗಲಿಲ್ಲ, ಅಪ್ಪ ನನ್ನನ್ನು ಪಾಸು ಮಾಡಿಸಿಕೊಂಡು ಬಂದರು.

ಅಲ್ಲಿಯವರೆಗೆ ಸಂಜೆಯಾದರೆ ಅಪ್ಪ ನನ್ನನ್ನು ಸೈಕಲ್ ಬಾರ್ ಮೇಲೆ ಕೂರಿಸಿಕೊಂಡು ಮಾಗಡಿ ರೋಡಿನವರೆಗೆ ಸುತ್ತಿಸಿ, ಕಡಲೆಕಾಯಿ ಕೊಡಿಸುತ್ತಿದ್ದರು. ಮೂರನೇ ಕ್ಲಾಸಿನಿಂದ ಸೈಕಲ್ ಗೋಡೆಗೆ ಒರಗಿಯೇ ಇರುತ್ತಿತ್ತು. ಕೈಯ ಗ್ರೀಸ್ ತೊಳೆದುಕೊಂಡು ಬಂದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಮೊದಮೊದಲು ತಾಳ್ಮೆಯಿತ್ತು. ಆಮೇಲೆ ಮಗ್ಗಿ ತಪ್ಪಿದರೆ ತಲೆಗೊಂದು. "ಆ ಹೆಂಗಸಿನ ಮುಂದೆ ನನ್ ಮಾನ ಕಳೀಬೇಡ ಕಣೋ" ಎನ್ನುತ್ತಿದ್ದರು. ಅವರ ಚಪ್ಪಲಿ ಸದ್ದಾದರೆ ನಾನು ಬಚ್ಚಲಿಗೆ ಓಡುತ್ತಿದ್ದೆ...

ಐದನೇ ಕ್ಲಾಸಿನಲ್ಲಿ ಒಂದು ದಿನ ಲೆಕ್ಕ ತಾನಾಗಿ ಹತ್ತಿತು. ಅಕ್ಷರ ಸಾಲು ಹಿಡಿದು ನಡೆಯತೊಡಗಿತು. ತಾನು ಹೊಡೆದು ಕಲಿಸಿದ್ದು ಎಂದು ಅಪ್ಪ ತಿಳಿದರು. ಹೊತ್ತಿಗೆ ಬೆಂದಿತು, ಅಷ್ಟೆ ಅಂತ ನನಗೆ ಈಗ ಅನಿಸುತ್ತದೆ. ಆದರೆ ಅಷ್ಟರಲ್ಲಿ ಅಪ್ಪನ ಹತ್ತಿರ ಕೂರುವ ಅಭ್ಯಾಸವೇ ಹೋಗಿತ್ತು.

ನನ್ನನ್ನು ಉರಿಸುವುದು ಒಂದೇ. ಮಿಸ್ ಹೇಳಿದ್ದು ಸರಿ. ಅವಧಿಗೆ ಮುಂಚೆ ಬಂದ ನನ್ನಂಥವನಿಗೆ ಇನ್ನೊಂದು ವರ್ಷ ಬೇಕಾಗಿತ್ತು. ಅವರು ಹೇಳಿದ್ದು ತಪ್ಪಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಗೊತ್ತಿದ್ದ ಸತ್ಯವನ್ನು ಅಮ್ಮನ ಮುಖಕ್ಕೆ ಎರಚಿ, ಅಪ್ಪ ಅದನ್ನು ಒಪ್ಪಲಾರದ ಹಾಗೆ ಮಾಡಿಟ್ಟರು.

ಮಿಸ್ ತೀರಿಕೊಂಡ ಸುದ್ದಿ ಹೋದ ವರ್ಷ ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ಬಂತು. ಎಲ್ಲರೂ ಕೈಮುಗಿದರು. 'ನಮ್ಮ ಜೀವನ ರೂಪಿಸಿದವರು' ಎಂದು ಒಬ್ಬ ಬರೆದ. ಹೌದು, ರೂಪಿಸಿದರು. ನಾನು ಏನೂ ಹಾಕಲಿಲ್ಲ. ಹಾಕದಿದ್ದುದನ್ನು ಯಾರಾದರೂ ಗಮನಿಸಿದರೇನೋ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟೆ, ಅದು ಬೇರೆ.

ಬಸ್ ಸ್ಟಾಪಿನಿಂದ ಮನೆಗೆ ಬಂದ ಆ ಸಂಜೆ ಅಮ್ಮನನ್ನು ಕೇಳಿದೆ, ಮಿಸ್ ಮೆತ್ತಗೆ ಹೇಳಿದ್ದರೆ ನನ್ನನ್ನು ಎರಡನೇ ಕ್ಲಾಸಿನಲ್ಲೇ ಉಳಿಸುತ್ತಿದ್ದಿರಾ ಎಂದು. ಹುರುಳಿಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಒಳಗೆ ಕೂರ್ಸಿ ಹೇಳಿದ್ರೆ ನಿಮ್ಮಪ್ಪನೇ ಒಪ್ತಿದ್ರು ಕಣೋ. ನೀನು ಅಂದ್ರೆ ಪ್ರಾಣ ಆಗ."

ಆಗ... ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ನಾನು ಅವರ ಜೊತೆ ಮಾತಾಡಿದ್ದು ಡಾಕ್ಟರ್ ಬಂದರಾ, ಮಾತ್ರೆ ಆಯಿತಾ, ಇಷ್ಟೇ. ಮಿಸ್ ಸತ್ತ ಸುದ್ದಿಗೆ ನನಗೆ ಅಳು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಪ್ಪ ಹೋದಾಗಲೂ ಬರಲಿಲ್ಲ. ಅದಕ್ಕೆ ನಾನು ಆ ಮಿಸ್ಸನ್ನು ಕ್ಷಮಿಸಲಾರೆ.